ಗಂಗಾಮಣಿಯ ಕೈಗುಣ

ಊಟಕ್ಕೆ ಬಾಯಿ ಬಿಡದ ಮಗು ಯಾವ ಮನೆಯಲ್ಲಿದ್ದರೂ, ಆಲೂರಿನಿಂದ ಸಕಲೇಶಪುರದವರೆಗೆ ಜನರ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಗಂಗಾಮಣಿಯದು. ನಡೆಯಲಾಗದ, ಮಾತು ಬಾರದ, ಕೈಕಾಲು ಸೆಟೆದುಕೊಂಡ ಮಕ್ಕಳ ಮನೆಮನೆಗೆ ಹೋಗಿ ಕಲಿಸುವುದು ಅವಳ ಕೆಲಸ. ಅದಕ್ಕೆ ಒಂದು ಸಣ್ಣ ಸಂಸ್ಥೆ ಸಂಬಳ ಕೊಡುತ್ತಿತ್ತು. ಹೆಗಲ ಚೀಲದಲ್ಲಿ ಗಿಲಕಿ, ಬಣ್ಣದ ಮಣಿ, ಮುಖ ನೋಡುವ ಕನ್ನಡಿ ಎಲ್ಲ ಇರುತ್ತಿದ್ದವು. ಆದರೆ ಬಣ್ಣ ಕಲಿಸಿದ್ದಕ್ಕೋ ಎಣಿಸಲು ಕಲಿಸಿದ್ದಕ್ಕೋ ಅವಳನ್ನು ಯಾರೂ ನೆನೆಯುತ್ತಿರಲಿಲ್ಲ. ಮಗುವಿಗೆ ಉಣ್ಣಿಸುವುದರಲ್ಲಿ ಅವಳು ಎತ್ತಿದ ಕೈ. ಹೆತ್ತವರು ಬೆವರು ಸುರಿಸಿ ಸೋತ ಬಟ್ಟಲನ್ನು ಅವಳು ಕಾಫಿ ಆರುವುದರೊಳಗೆ ಖಾಲಿ ಮಾಡಿಸಿ ಕೊಡುತ್ತಿದ್ದಳು. ಅವಳ ಕೈಗುಣವೇ ಅಂಥದ್ದು ಎನ್ನುತ್ತಿದ್ದರು ಜನ. ಹತ್ತು ಜನ ಹೇಳಿದ್ದನ್ನು ಅವಳೂ ನಂಬಿದ್ದಳು. ನಂಬದೆ ಇರಲು ಅವಳೇನು ಸನ್ಯಾಸಿನಿಯೇ?

ಈ ವಿದ್ಯೆ ಬಂದದ್ದು ಯಾವ ಕಾಲೇಜಿನಿಂದಲೂ ಅಲ್ಲ. ಅವಳ ತವರು ಮಾರನಹಳ್ಳಿಯ ಪಕ್ಕ. ಅಲ್ಲಿ ಅವರಿಗೆ ಸ್ವಲ್ಪ ಕಾಫಿ ತೋಟವಿತ್ತು. ಅಜ್ಜಿ ಹುಲಿಯಮ್ಮ ಸುತ್ತಲಿನ ಬಾಣಂತಿಯರ ಮನೆಗೆಲ್ಲ ಕೂಸಿಗೆ ನೀರೆರೆಯಲು ಹೋಗುತ್ತಿದ್ದವಳು. ನೀರು ಎರೆದಾದ ಮೇಲೆ ಅಜ್ಜಿ ಕಾಲು ನೀಡಿ ಕೂತು, ಕೂಸನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ, ಮೂತಿಯಿರುವ ಪುಟ್ಟ ಬಟ್ಟಲಿನಂಥ ಒಳಲೆಯಲ್ಲಿ ರಾಗಿ ಸರಿ ಹೊಯ್ಯುತ್ತಿದ್ದಳು. ಕೂಸು ಅಳುತ್ತಿತ್ತು. ಅಳುವಾಗ ಬಾಯಿ ತೆರೆಯುತ್ತಿತ್ತು, ತೆರೆದ ಬಾಯಿಗೆ ಒಳಲೆಯ ಮೂತಿ ಇಳಿಯುತ್ತಿತ್ತು. ‘ಅಳೋ ಕೂಸೇ ಉಣ್ಣೋ ಕೂಸು’ ಎನ್ನುವುದು ಹುಲಿಯಮ್ಮನ ಮಾತು. ಹಾಗೆ ಉಂಡ ಕೂಸುಗಳು ಈಗ ಎಸ್ಟೇಟಿನಲ್ಲಿ ರೈಟರ್, ಬಸ್ಸಿನಲ್ಲಿ ಕಂಡಕ್ಟರ್ ಆಗಿ ಹೊಟ್ಟೆ ಬಿಟ್ಟುಕೊಂಡು ಓಡಾಡುತ್ತಿದ್ದಾರೆ. ಅಜ್ಜಿಯ ವಿದ್ಯೆಯನ್ನು ಅನುಮಾನಿಸಲು ಮೊಮ್ಮಗಳಿಗೆ ಯಾವ ಕಾರಣವೂ ಇರಲಿಲ್ಲ.

ಮದುವೆಯಾಗಿ ಸಕಲೇಶಪುರಕ್ಕೆ ಬಂದಳು. ಗಂಡ ಪ್ರತಾಪನದು ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ಪಂಚರ್ ಅಂಗಡಿ. ಅವನು ಒಳ್ಳೆಯವನು, ಮಾತು ಕಡಿಮೆ, ಟೈರಿನ ಕರಿ ಹತ್ತಿದ ಕೈಯಲ್ಲೇ ಟೀ ಕುಡಿಯುವವನು. ಅವನ ಒತ್ತಾಯದಿಂದಲೇ ಅವಳು ಮನೆಯಲ್ಲಿ ಕೂತು ಓದಿ ವಿಶೇಷ ಮಕ್ಕಳಿಗೆ ಕಲಿಸುವ ಒಂದು ಡಿಪ್ಲೊಮಾ ಮುಗಿಸಿದಳು. ಪುಸ್ತಕದಲ್ಲಿ ಬುದ್ಧಿ, ಚಲನೆ, ವರ್ತನೆ ಎಂದೆಲ್ಲ ಇತ್ತು. ಉಣ್ಣಿಸುವುದರ ಬಗ್ಗೆ ಅರ್ಧ ಪುಟವಿತ್ತು. ಅದನ್ನು ಅವಳು ಓದದೆ ಮಗುಚಿದಳು. ಗೊತ್ತಿರುವುದನ್ನು ಯಾರು ಓದುತ್ತಾರೆ?

ಕುಂದೂರಿನಿಂದ ಸ್ವಲ್ಪ ಆಚೆಯ ಹಳ್ಳಿಯೊಂದರಲ್ಲಿ ಹೇಮಶ್ರೀ ಎಂಬ ಆರು ವರ್ಷದ ಹುಡುಗಿಯಿದ್ದಾಳೆ. ಹುಟ್ಟಿದಾಗ ಉಸಿರು ತಡವಾಗಿ ಬಂದು, ಮೈಯೆಲ್ಲ ಬಿಗಿ, ಮಾತಿಲ್ಲ. ಆದರೆ ಕಣ್ಣು ಮಾತ್ರ ಮನೆಯಲ್ಲಿ ಯಾರು ಎದ್ದರೂ ಕೂತರೂ ಹಿಂಬಾಲಿಸುತ್ತಿರುತ್ತದೆ. ಅಪ್ಪ ಮೃತ್ಯುಂಜಯ ಶುಂಠಿ ಸಾಗಿಸುವ ಪಿಕಪ್ ಓಡಿಸುತ್ತಾನೆ. ಅಮ್ಮ ಮೋನಿಕಾ ಮಗಳಿಗೆ ಒಂದು ಹೊತ್ತು ಉಣ್ಣಿಸಲು ಕೂತರೆ ಏಳುವುದೇ ಇಲ್ಲ ಎಂಬುದು ಅತ್ತೆ ನಾಗರತ್ನಮ್ಮನ ದೂರು. ಎರಡು ವರ್ಷದ ಹಿಂದೆ ಗಂಗಾಮಣಿ ಆ ಮನೆಗೆ ಕಾಲಿಟ್ಟಳು. ಮೊದಲ ದಿನವೇ ಹೇಮಶ್ರೀಯನ್ನು ಕಾಲಿನ ಮೇಲೆ ಮಲಗಿಸಿಕೊಂಡು ಬಟ್ಟಲು ಖಾಲಿ ಮಾಡಿದಳು. ನಾಗರತ್ನಮ್ಮ ಕೈಮುಗಿದಳು. ಮೋನಿಕಾ ಮಾತ್ರ, “ಉಸಿರು ಕಟ್ಟಿದಂಗೆ ಮಾಡ್ತಾಳಲ್ಲ ಮೇಡಂ” ಎಂದಳು. “ಹಟ ಕಣಮ್ಮ ಅದು. ನೀನು ಸೋತ್ರೆ ಅವಳು ಗೆಲ್ತಾಳೆ. ಕೈ ಎರಡೂ ಹಿಡ್ಕೊ, ಹಣೆ ಹಿಂದಕ್ಕೆ ಒತ್ಕೊ, ಅತ್ತಾಗ ಹುಯ್ಯಿ” ಎಂದು ಗಂಗಾಮಣಿ ಹೇಳಿಕೊಟ್ಟಳು. ಅತ್ತೆ ಸೊಸೆ ಇಬ್ಬರೂ ಕಲಿತರು.

ಹೇಮಶ್ರೀಗೆ ಎದೆ ಕಟ್ಟುವುದು, ಜ್ವರ ಬರುವುದು, ಆಸ್ಪತ್ರೆ ಸೇರುವುದು ಆಮೇಲೆ ಶುರುವಾಯಿತು. ಇಂಥ ಮಕ್ಕಳಿಗೆ ಎದೆ ದುರ್ಬಲ ಎಂದರು ಒಬ್ಬರು. ಈ ಕಡೆಯ ಥಂಡಿಯೇ ಹಾಗೆ ಎಂದರು ಇನ್ನೊಬ್ಬರು. ಈ ವರ್ಷವಂತೂ ಹುಡುಗಿ ಎರಡು ಸಲ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಬಂದಳು. ಹೋದ ವಾರ ಡಿಸ್‌ಚಾರ್ಜ್ ಆದಾಗ ಗಂಗಾಮಣಿಯೇ ನೋಡಲು ಹೋಗಿದ್ದಳು. “ಇಳಿದುಹೋಗ್ಬುಟ್ಟವಳೆ. ಹೊತ್ತಿಗೆ ಒಂದೊಳಲೆ ಜಾಸ್ತಿ ಹಾಕಿ” ಎಂದು ಹೇಳಿ ಬಂದಿದ್ದಳು. ಪಾಪ, ಪ್ರೀತಿಯಿಂದಲೇ ಹೇಳಿದ್ದಳು.

ಈ ವಾರ ಸಕಲೇಶಪುರದಲ್ಲಿ ತರಬೇತಿ ಬಂತು. ತರಬೇತಿ ಎಂದರೆ ನಮ್ಮ ಕಡೆ ಗೊತ್ತಿರುವುದೇ: ಒಂದು ಬ್ಯಾನರು, ಒಂದು ದೀಪ, ಮೂರು ಭಾಷಣ, ಮಧ್ಯಾಹ್ನ ಪಲಾವು, ಕೊನೆಗೆ ಪ್ರಮಾಣಪತ್ರ. ವಿಶೇಷ ಮಕ್ಕಳಿಗೆ ಕಲಿಸುವವರು, ಥೆರಪಿ ಮಾಡುವವರು ಎಂದು ಎರಡು ತಾಲ್ಲೂಕಿನಿಂದ ಒಂದು ಹಿಡಿ ಜನ ಸೇರಿದ್ದರು. ಗಂಗಾಮಣಿ ಚೀಲದಲ್ಲಿ ಅಜ್ಜಿಯ ಒಳಲೆಯನ್ನೂ ಹಾಕಿಕೊಂಡು ಹೋದಳು. ಮೊದಲ ದಿನದ ವಿಷಯವೇ ಉಣ್ಣಿಸುವುದಂತೆ. ನಾಲ್ಕು ಜನಕ್ಕೆ ತೋರಿಸಿದರೆ ಒಳ್ಳೆಯದಾಯಿತಲ್ಲ ಎಂದುಕೊಂಡಿದ್ದಳು.

ತರಬೇತಿ ಕೊಡಲು ಬಂದವಳನ್ನು ಕಂಡು ಅವಳಿಗೆ ನಗು ಬಂತು. ಮೈಸೂರಿನ ಹುಡುಗಿ, ಹೆಸರು ನಯನಾ. ಮಕ್ಕಳ ಮಾತು ಮತ್ತು ನುಂಗುವಿಕೆಯ ಥೆರಪಿಸ್ಟ್ ಎಂದು ಪರಿಚಯ ಹೇಳಿಕೊಂಡಳು. ಮದುವೆಯೂ ಆದಂತೆ ಕಾಣಲಿಲ್ಲ. ಗಂಗಾಮಣಿ ಪಕ್ಕದಲ್ಲಿದ್ದ ಮಧುಶ್ರೀಯ ಕಿವಿಯಲ್ಲಿ, “ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸೋಕೆ ಬಂದವಳೆ” ಎಂದಳು. ಮಧುಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳೂ ಇದೇ ಕೆಲಸದವಳು, ಸೇರಿ ಒಂದು ವರ್ಷವಾಗಿತ್ತು. ಉಣ್ಣಿಸುವುದನ್ನು ಅವಳಿಗೆ ಕಲಿಸಿದ್ದೇ ಗಂಗಾಮಣಿ.

ನಯನಾ ಭಾಷಣ ಮಾಡಲಿಲ್ಲ. ಚಾಪೆ ಹಾಸಿಸಿದಳು, ಪಾತ್ರೆಯಲ್ಲಿ ತೆಳ್ಳಗಿನ ರಾಗಿ ಗಂಜಿ ತರಿಸಿದಳು.

“ಇಬ್ಬಿಬ್ಬರು ಜೊತೆಯಾಗಿ. ಒಬ್ಬರು ಮಗು, ಒಬ್ಬರು ಅಮ್ಮ. ಮಗು ಆದವರು ಮಾತಾಡಬಾರದು. ಯಾಕಂದ್ರೆ ನಮ್ಮ ಮಕ್ಕಳು ಮಾತಾಡಲ್ಲ. ನಿಮ್ಮ ಹಳ್ಳಿಗಳಲ್ಲಿ ಹೇಗೆ ತಿನ್ನಿಸ್ತೀರೋ ಹಾಗೇ ತಿನ್ನಿಸಿ. ಒಂದೊಂದೇ ಚಮಚ, ನಿಧಾನಕ್ಕೆ. ನಾನು ಒಬ್ಬೊಬ್ಬರ ಹತ್ತಿರಾನೇ ಬಂದು ನೋಡ್ತೀನಿ.”

ಗಂಗಾಮಣಿ ತಾನೇ ಮಗುವಾಗಲು ಒಪ್ಪಿಕೊಂಡಳು. ಮಧುಶ್ರೀ ಸರಿಯಾಗಿ ಕಲಿತಿದ್ದಾಳೋ ಇಲ್ಲವೋ ನೋಡಿದ ಹಾಗೂ ಆಯಿತು ಎಂದು. ಮಧುಶ್ರೀ ಕಾಲು ನೀಡಿ ಕೂತಳು. ನಲವತ್ತು ದಾಟಿದ ಗಂಗಾಮಣಿ ಅವಳ ಕಾಲಿನ ಮೇಲೆ ಅಂಗಾತ ಮಲಗಿದಾಗ ಸುತ್ತಲಿನವರು ನಕ್ಕು ಸಾಕಾದರು. ಮಲಗಿದವಳೂ ನಕ್ಕಳು. ನಯನಾ ಆ ತುದಿಯ ಜೋಡಿಯ ಬಳಿಗೆ ಹೋಗಿದ್ದಳು. ಮಧುಶ್ರೀ ತನಗೆ ಕೊಟ್ಟಿದ್ದ ಚಮಚವನ್ನು ಬದಿಗಿಟ್ಟು, ಗಂಗಾಮಣಿಯ ಚೀಲದಿಂದ ಒಳಲೆ ತೆಗೆದು ತುಂಬಿಕೊಂಡಳು. ಗುರುವಿಗೆ ಗುರುವಿನ ಒಳಲೆಯೇ ಇರಲಿ ಎಂದು ಅವಳ ಭಕ್ತಿ.

ಮಧುಶ್ರೀ ಒಳ್ಳೆಯ ಶಿಷ್ಯೆ. ಗಂಗಾಮಣಿಯ ಎರಡೂ ಮಣಿಕಟ್ಟನ್ನು ಒಂದೇ ಕೈಯಲ್ಲಿ ಎದೆಯ ಮೇಲೆ ಒತ್ತಿದಳು, ಮೊಣಕೈಯಿಂದ ಹಣೆಯನ್ನು ಹಿಂದಕ್ಕೆ ತಳ್ಳಿದಳು. ತಲೆ ಅವಳ ಕಾಲಿನಾಚೆ ಇಳಿಬಿತ್ತು. ಗಂಗಾಮಣಿಗೆ ಕಂಡದ್ದು ಸೂರಿನ ಫ್ಯಾನು ಮತ್ತು ಒಳಲೆಯ ತಳ, ಅಷ್ಟೇ. ಯಾವಾಗ ಬರುತ್ತದೆ ಎಂದು ಗೊತ್ತಾಗಲಿಲ್ಲ. ಬಂದೇ ಬಿಟ್ಟಿತು. ಮೊದಲ ಗುಟುಕು ಹೇಗೋ ಇಳಿಯಿತು. ಅದು ಇಳಿಯುವ ಮೊದಲೇ ಎರಡನೆಯದು ಬಂತು. ನುಂಗಬೇಕೆಂದರೆ ತಲೆ ಎತ್ತಬೇಕು, ತಲೆ ಎತ್ತಲು ಹಣೆಯ ಮೇಲೆ ಮೊಣಕೈ. ಬಾಯಿ ಮುಚ್ಚೋಣವೆಂದರೆ ಉಸಿರು ಬೇಕು. ಉಸಿರಿಗೆಂದು ಬಾಯಿ ತೆರೆದಳು. ಇದಕ್ಕೇ ಕಾದಿದ್ದವಳಂತೆ ಮಧುಶ್ರೀ ಉಳಿದದ್ದನ್ನು ಹುಯ್ದಳು.

ಗಂಜಿ ಉಸಿರಿನ ದಾರಿ ಹಿಡಿಯಿತು. ಗಂಗಾಮಣಿಗೆ ಸಾವು ಎಂದರೆ ಏನೆಂದು ಆ ಕ್ಷಣ ಕಂಡಿತು. ಕೈ ಕೊಸರಿದಳು, ಕಾಲು ಝಾಡಿಸಿದಳು. ಮೇಲೆ ಮಧುಶ್ರೀಯ ದನಿ ಕೇಳುತ್ತಿತ್ತು, ಅದೂ ನಗುವ ದನಿ.

“ಹಟ ಮಾಡ್ಬಾರ್ದು ಕಂದ. ಆಯ್ತು, ಆಯ್ತು. ಅತ್ರೆ ಒಳ್ಳೇದೇ.”

ಅದು ಗಂಗಾಮಣಿಯದೇ ಮಾತು. ಅದೇ ರಾಗ, ಅದೇ ಮುದ್ದು.

ಓಡಿ ಬಂದವಳು ನಯನಾ. ಮಧುಶ್ರೀಯ ಕೈ ಕಿತ್ತು, ಗಂಗಾಮಣಿಯನ್ನು ಎಬ್ಬಿಸಿ ಮುಂದಕ್ಕೆ ಬಾಗಿಸಿದಳು. ಮೂಗಿನಿಂದ ಗಂಜಿ ಬಂತು, ಕಣ್ಣಿನಿಂದ ನೀರು ಬಂತು, ಕೆಮ್ಮು ನಿಲ್ಲಲಿಲ್ಲ. ಮಧುಶ್ರೀ ಬಿಳಿಚಿಕೊಂಡು, “ಹಂಗೇ ಹಿಡೀಬೇಕು ಅಂತ ನೀವೇ ಹೇಳ್ಕೊಟ್ಟಿದ್ದು ಅಕ್ಕ” ಎಂದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಇದು ಅಕ್ಷರಶಃ ಹಾಗಾಯಿತು. ಆದರೆ ಅಲ್ಲಿ ಯಾರಿಗೂ ತಮಾಷೆ ಉಳಿದಿರಲಿಲ್ಲ.

ನಯನಾ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಉಳಿದವರಿಗೆ ಹೇಳಿದಳು. ಗಂಟಲಲ್ಲಿ ಎರಡು ದಾರಿ, ಒಂದು ಅನ್ನದ್ದು, ಒಂದು ಉಸಿರಿನದ್ದು. ತಲೆ ಹಿಂದಕ್ಕೆ ಬಿದ್ದರೆ ಉಸಿರಿನ ದಾರಿ ತೆರೆದುಕೊಂಡೇ ಇರುತ್ತದೆ. ಎಲ್ಲ ಸರಿಯಿರುವ ಕೂಸು ಕೂಡ ಹಾಗೆ ಉಂಡರೆ ಅಪಾಯವೇ. ಆದರೂ ಅದು ಹೇಗೋ ನುಂಗಿ, ಕೆಮ್ಮಿ ಪಾರಾಗುತ್ತದೆ. ಮೈ ಬಿಗಿಯಿರುವ ಮಗುವಿಗೆ ನುಂಗುವುದೇ ಕಷ್ಟ.

“ಗಂಗಾಮಣಿ ಮೇಡಂ ಕೆಮ್ಮಿದ್ರು, ಅದಕ್ಕೇ ನಮಗೆ ಗೊತ್ತಾಯ್ತು. ಇಂಥ ಮಕ್ಕಳಲ್ಲಿ ಕೆಲವರಿಗೆ ಕೆಮ್ಮೋಕೂ ಆಗಲ್ಲ. ನೋಡಿದವರಿಗೆ ನುಂಗಿದ ಹಾಗೇ ಕಾಣುತ್ತೆ. ಬಟ್ಟಲು ಖಾಲಿ ಆಗಿರುತ್ತೆ. ಅದರಲ್ಲಿ ಎಷ್ಟೋ ಶ್ವಾಸಕೋಶಕ್ಕೆ ಹೋಗಿರುತ್ತೆ.”

ಗಂಗಾಮಣಿಯ ಕೆಮ್ಮು ನಿಂತಿತ್ತು. “ಅಂಥ ಮಕ್ಕಳಿಗೆ ಪದೇ ಪದೇ ನ್ಯುಮೋನಿಯಾ ಆಗುತ್ತಾ?” ಎಂದು ಕೇಳಿದಳು.

“ಆಗುತ್ತೆ ಮೇಡಂ.”

“ಜೀವಕ್ಕೆ?”

ನಯನಾ ಅವಳ ಮುಖ ನೋಡಿದಳು. ತರಬೇತಿಯ ಪ್ರಶ್ನೆ ಇದಲ್ಲವೆಂದು ಆ ಹುಡುಗಿಗೆ ತಿಳಿಯಿತು. “ಯಾವ ಮಗು ಮೇಡಂ?” ಎಂದಳು ಮೆಲ್ಲಗೆ.

ಹೇಮಶ್ರೀಯ ಹೆಸರು ಹೇಳುವಾಗ ಗಂಗಾಮಣಿಯ ಕಣ್ಣ ಮುಂದೆ ಬಂದದ್ದು ಹೋದ ವಾರದ ಅವಳದೇ ಮಾತು. ಹೊತ್ತಿಗೆ ಒಂದೊಳಲೆ ಜಾಸ್ತಿ. ಇವತ್ತೂ ಹಾಕುತ್ತಾರೆ. ಬೆಳಿಗ್ಗೆ ಹಾಕಿರುತ್ತಾರೆ, ಮಧ್ಯಾಹ್ನ ಮತ್ತೆ ಹಾಕುತ್ತಾರೆ. ಎದೆ ಇನ್ನೂ ಪೂರ್ತಿ ತಿಳಿಯಾಗದ ಮಗು. ಮೃತ್ಯುಂಜಯನಿಗೆ ಫೋನ್ ಮಾಡಿದಳು. ಅವನು ಶಿರಾಡಿ ಘಾಟಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿದ್ದ. “ಮನೇಲಿ ಫೋನಿಲ್ಲ ಮೇಡಂ, ಇರೋದೊಂದು ನನ್ ತಾವ ಐತೆ. ಯಾಕೆ, ಏನಾಯ್ತು?” ಎಂದ. ಅವಳು ಏನೂ ಇಲ್ಲವೆಂದು ಇಟ್ಟಳು. ಗಾಡಿ ಓಡಿಸುವವನಿಗೆ ಘಾಟಿಯಲ್ಲಿ ಹೇಳುವ ಮಾತೇ ಅದು?

ಆಗಲೇ ಕುಂದೂರಿಗೆ ಹೊರಟವಳನ್ನು ನಯನಾ ತಡೆಯಲಿಲ್ಲ. ಹೊರಡುವ ಮುಂಚೆ ಚಾಪೆಯ ಮೇಲೆ ಮತ್ತೊಮ್ಮೆ ಕೂರಿಸಿ, ಈ ಸಲ ತಾನೇ ಚಮಚ ಹಿಡಿದಳು. ಬೆನ್ನು ನೆಟ್ಟಗೆ, ಸೊಂಟ ಮಡಿಸಿ, ಗದ್ದ ಸ್ವಲ್ಪ ಎದೆಯ ಕಡೆಗೆ. ಚಮಚ ಎದುರಿನಿಂದ, ಕೆಳಗಿನಿಂದ, ಮಗುವಿಗೆ ಕಾಣುವಂತೆ. ಗಂಜಿ ಗಟ್ಟಿಯಿರಬೇಕು. ನುಂಗಿದ ಮೇಲೆ ಮಾತ್ರ ಇನ್ನೊಂದು. ಗಂಗಾಮಣಿ ನುಂಗಿದಳು. ಎಷ್ಟು ಸುಲಭವಾಗಿ ಇಳಿಯಿತೆಂದರೆ ಅವಳಿಗೆ ಅಳು ಬಂತು.

“ಉಸಿರಲ್ಲಿ ಗೊರಗೊರ ಇದ್ದರೆ ಏನೂ ತಿನ್ನಿಸಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನನಗೆ ಫೋನ್ ಮಾಡಿ, ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ” ಎಂದಳು ನಯನಾ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೇಮಾವತಿ ದಾಟಿದ್ದು ಅವಳಿಗೆ ಗೊತ್ತಾಗಲಿಲ್ಲ. ಗುರುತಿನ ಕಂಡಕ್ಟರು, “ಏನ್ ಮೇಡಂ, ಇವತ್ತು ಟ್ರೈನಿಂಗು ಅಂದಿದ್ರಿ?” ಎಂದದ್ದಕ್ಕೆ ಕುಂದೂರು ಎಂದಷ್ಟೇ ಹೇಳಿದಳು. ಒಂದೊಂದು ಮನೆಯೂ ನೆನಪಾಗುತ್ತಿತ್ತು. ಒಂದೊಂದು ಮನೆಯಲ್ಲೂ ಅವಳಿಗೆ ಕಾಫಿ ಕೊಟ್ಟಿದ್ದರು, ಬಾಳೆಗೊನೆ ಕಟ್ಟಿಕೊಟ್ಟಿದ್ದರು, ನಿಮ್ಮ ಕೈಗುಣ ಎಂದಿದ್ದರು. ಯಾವ ಮಗುವಿಗೆ ಯಾವ ಮಳೆಗಾಲದಲ್ಲಿ ಎದೆ ಕಟ್ಟಿತ್ತು ಎಂದು ಯೋಚಿಸಲು ಹೋಗಿ ಹೆದರಿ ನಿಲ್ಲಿಸಿದಳು. ತನ್ನ ಕೈಯನ್ನು ತಾನೇ ನೋಡಿಕೊಳ್ಳಲು ಅವಳಿಗೆ ಭಯವಾಯಿತು. ಮೊದಲು ಹೇಮಶ್ರೀ, ಆಮೇಲೆ ಬೇರೆಲ್ಲ ಎಂದುಕೊಂಡು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

ಕುಂದೂರಿನಲ್ಲಿ ಇಳಿದು ಆಟೋ ಹಿಡಿದು ಮನೆ ಮುಟ್ಟಿದಾಗ ಅಂಗಳದಲ್ಲಿ ಬಿತ್ತನೆ ಶುಂಠಿ ಹರವಿತ್ತು. ಮೋನಿಕಾ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಡುಮನೆಯಲ್ಲಿ ನಾಗರತ್ನಮ್ಮ ಗೋಡೆಗೆ ಒರಗಿ ಕಾಲು ನೀಡಿದ್ದಳು. ಕಾಲಿನ ಮೇಲೆ ಹೇಮಶ್ರೀ, ಪಕ್ಕದಲ್ಲಿ ಸರಿ ತುಂಬಿದ ಬಟ್ಟಲು, ಕೈಯಲ್ಲಿ ಒಳಲೆ.

“ನಿಲ್ಸಿ ನಾಗರತ್ನಮ್ಮ” ಎಂದು ಗಂಗಾಮಣಿ ಹೊಸಿಲಿನಿಂದಲೇ ಕೂಗಿದಳು.

ಮುದುಕಿ ಬೆಚ್ಚಿ ಒಳಲೆ ಇಳಿಸಿದಳು. “ಇನ್ನೂ ಸುರು ಮಾಡಿಲ್ಲ ಕಣವ್ವ. ನೀವು ಹೇಳಿದಂಗೆ ಜಾಸ್ತಿನೇ ಮಾಡ್ಕಂಡಿವ್ನಿ, ನೋಡಿ ಬಟ್ಲ.”

ಗಂಗಾಮಣಿ ಕೂತು, ಮಗುವನ್ನು ಎತ್ತಿಕೊಂಡು ಬೆನ್ನಿಗೆ ಕಿವಿಯಿಟ್ಟಳು. ಗೊರಗೊರ ಇರಲಿಲ್ಲ. ಜ್ವರವೂ ಇರಲಿಲ್ಲ. ಆದರೆ ಹೇಳುವುದು ಇನ್ನೂ ಬಾಕಿಯಿತ್ತು. ಕೂಗು ಕೇಳಿ ಮೋನಿಕಾ ಒದ್ದೆ ಕೈಯಲ್ಲೇ ಓಡಿ ಬಂದಿದ್ದಳು. ಗಂಗಾಮಣಿ ಸುತ್ತಿ ಬಳಸಲಿಲ್ಲ.

“ನಾನು ಹೇಳ್ಕೊಟ್ಟಿದ್ದು ತಪ್ಪು ಮೋನಿಕಾ. ಹಿಂಗೆ ಮಲಗಿಸಿ ಹುಯ್ದ್ರೆ ಎದೆಗೆ ಹೋಗುತ್ತಂತೆ. ಇವಳು ಆಸ್ಪತ್ರೆ ಸೇರಿದ್ದು ಅದಕ್ಕೇ ಇರ್ಬೇಕು. ಇವತ್ತು ನಂಗೇ ಹಿಂಗೆ ಮಲಗಿಸಿ ಹುಯ್ದ್ರು. ಸತ್ತೆ ಅನ್ಕಂಡೆ.”

ಮೊದಲು ಮಾತಾಡಿದ್ದು ನಾಗರತ್ನಮ್ಮ. “ಏನ್ ಮಾತು ಅಂತ ಆಡ್ತೀರಿ? ನನ್ ಮಕ್ಕಳು ಎಲ್ಲಾ ಒಳಲೇಲೇ ಬೆಳೆದಿದ್ದು. ನಾನೂ ಹಂಗೇ ಬೆಳೆದೋಳು.”

“ನಿಮಗೆ ನುಂಗೋಕೆ ಬರ್ತಿತ್ತು ಅಮ್ಮ. ಇವಳಿಗೆ ಸರಿಯಾಗಿ ಬರಲ್ಲ. ಅಷ್ಟು ನಂಗೆ ಹೊಳೀಲಿಲ್ಲ.”

ಮುದುಕಿ ಕೈಯಲ್ಲಿದ್ದ ಒಳಲೆಯನ್ನು ನೋಡಿದಳು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮಡಿಲಿಗೆ ಹಾಕಿಕೊಂಡಳು. ಮೋನಿಕಾ ಬೈಯುತ್ತಾಳೆ, ಅಳುತ್ತಾಳೆ ಎಂದು ಗಂಗಾಮಣಿ ಕಾದಳು. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

“ಎರಡು ವರ್ಷ ನಾನು ಇವಳ ಕೈ ಹಿಡ್ಕಂಡಿದ್ದೆ” ಎಂದಳು ಮೋನಿಕಾ.

ಗಂಗಾಮಣಿ ಬಟ್ಟಲಿನ ಸರಿಯನ್ನು ಇನ್ನಷ್ಟು ಗಟ್ಟಿ ಮಾಡಿಸಿದಳು. ಮಗುವನ್ನು ಗೋಡೆಯ ಮೂಲೆಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಎದುರು ಕೂತು, ಚಮಚದ ತುದಿಯಲ್ಲಿ ಸ್ವಲ್ಪವೇ ತೆಗೆದು ಕೆಳಗಿನಿಂದ ತಂದಳು. ನಯನಾ ತೋರಿಸಿದ ಹಾಗೇ. ಹೇಮಶ್ರೀ ಚಮಚವನ್ನು ನೋಡಲಿಲ್ಲ. ಅವಳು ನೋಡಿದ್ದು ಗಂಗಾಮಣಿಯನ್ನು. ಮೈ ಸೆಟೆಯಿತು, ಕತ್ತು ಪಕ್ಕಕ್ಕೆ ತಿರುಗಿತು, ತುಟಿ ಎರಡೂ ಬಿಳುಪಾಗುವಷ್ಟು ಬಿಗಿದುಕೊಂಡವು. ಗಂಗಾಮಣಿ ಆ ಮನೆಗೆ ಬಂದಾಗಲೆಲ್ಲ ಹುಡುಗಿ ಹೀಗೇ ಸೆಟೆಯುತ್ತಿದ್ದಳು. ಮೇಡಂ ಬಂದರೆಂದು ಖುಷಿ ಎಂದು ನಾಗರತ್ನಮ್ಮ ಹೇಳುತ್ತಿದ್ದಳು, ಗಂಗಾಮಣಿ ಕೆನ್ನೆ ಸವರಿ ನಗುತ್ತಿದ್ದಳು. ಈಗ ಆ ಕಣ್ಣನ್ನು ಇಷ್ಟು ಹತ್ತಿರದಿಂದ ಕಂಡಾಗ ಅದರಲ್ಲಿ ಏನಿದೆಯೆಂದು ಗುರುತಿಸಲು ಕಷ್ಟವಾಗಲಿಲ್ಲ. ಬೆಳಿಗ್ಗೆ ಅದು ಅವಳದೇ ಕಣ್ಣಿನಲ್ಲಿತ್ತು.

“ಕಂದ, ಹಂಗೆ ಮಾಡಲ್ಲ. ಇನ್ಮೇಲೆ ಹಂಗೆ ಮಾಡಲ್ಲ” ಎಂದಳು. ದನಿ ಕೇಳಿದ್ದೇ ತಡ, ಹುಡುಗಿಯ ಮುಷ್ಟಿ ಇನ್ನೂ ಬಿಗಿಯಾಯಿತು. ಗಂಗಾಮಣಿ ಚಮಚವನ್ನು ಹಿಂದಕ್ಕೆ ತೆಗೆದಳು.

ಮೋನಿಕಾ ಬಾಗಿ ಅವಳ ಕೈಯಿಂದ ಚಮಚ ತೆಗೆದುಕೊಂಡಳು. ದನಿಯಲ್ಲಿ ಕೋಪವಿರಲಿಲ್ಲ.

“ನೀವು ಆಚೆ ಹೋಗಿ ಮೇಡಂ. ನೀವಿದ್ರೆ ಬಾಯಿ ಬಿಡಲ್ಲ ಇವಳು.”

ಗಂಗಾಮಣಿ ಎದ್ದಳು. ಗದ್ದ ಹೇಗಿರಬೇಕೆಂದು ಬಾಯಿಮಾತಿಲ್ಲದೆ ತನ್ನ ಗದ್ದವನ್ನೇ ಬಗ್ಗಿಸಿ ತೋರಿಸಿದಳು. ಮೋನಿಕಾ ತಲೆಯಾಡಿಸಿದಳು. ಗಂಗಾಮಣಿ ಹೊರಗೆ ಬಂದು, ಬಾಗಿಲಿನಿಂದ ಕಾಣದಂತೆ ಪಕ್ಕಕ್ಕೆ ಸರಿದು, ಶುಂಠಿಯ ರಾಶಿಯ ಪಕ್ಕ ನೆಲದ ಮೇಲೆ ಕೂತಳು. ಕೆಮ್ಮು ಬಂತು. ಒಳಗೆ ಕೇಳಿಸೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಳಗಿನಿಂದ ಬಹಳ ಹೊತ್ತು ಏನೂ ಕೇಳಲಿಲ್ಲ. ಅವಳ ಜೀವಮಾನದಲ್ಲಿ ಒಂದು ಗುಟುಕಿಗಾಗಿ ಅವಳು ಅಷ್ಟು ಹೊತ್ತು ಕಾದಿರಲಿಲ್ಲ. ಕಾಯಲು ಹೇಳಿದ್ದ ಆಟೋದವನು ದೂರದಿಂದ ಹಾರ್ನ್ ಒತ್ತಿದ, ಅವಳು ಕೈಬೀಸಿ ಸುಮ್ಮನಿರಿಸಿದಳು.

ಕೊನೆಗೆ ಮೋನಿಕಾಳ ದನಿ ಬಂತು, ತುಂಬ ಮೆಲ್ಲಗೆ.

“ನುಂಗಿದ್ಲು ಮೇಡಂ.”

ಗಂಗಾಮಣಿ ಎದ್ದು ನಿಂತಿದ್ದಳು. ಕಾಲು ತಾನಾಗಿ ಬಾಗಿಲ ಕಡೆ ತಿರುಗಿತ್ತು.

“ಒಳೀಕೆ ಬರ್ಬೇಡಿ” ಎಂದಳು ಮೋನಿಕಾ.